ಗುರುವಾರದ ಹಯಗ್ರೀವ, ಶುಕ್ರವಾರದ ಸಿನಿಮಾ

ನಮ್ಮ ಮನೆಯ ಮಹಡಿ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗ ಈಗ ದೊಡ್ಡ ಸಿನಿಮಾ ನಿರ್ದೇಶಕ. ಅವನ ಮುಖ ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ಅವನ ಸಿನಿಮಾದ ಪೋಸ್ಟರುಗಳನ್ನು ಮಾತ್ರ ತಾಂಬರಂ ಸ್ಟೇಷನ್ನಿನ ಹೊರಗೆ ಎಲ್ಲರೂ ನೋಡಿರುತ್ತಾರೆ. ನಾನೂ ತರಕಾರಿಗೆ ಹೋದಾಗಲೆಲ್ಲ ನೋಡಿ, ರಾಯರೇ ಕಾಪಾಡಪ್ಪ ಅಂತ ಮನಸ್ಸಿನಲ್ಲೇ ಅಂದುಕೊಂಡು ಮುಂದೆ ಹೋಗುತ್ತಿದ್ದೆ.

ಕೃಷ್ಣಗಿರಿ ಕಡೆಯವನು. ಮನೆಮಾತು ಕನ್ನಡವೇ, ಆದರೆ ಅರ್ಧ ತಮಿಳು ಬೆರೆತದ್ದು. ಆಗ ಯಾರೋ ನಿರ್ದೇಶಕರ ಕೈಕೆಳಗೆ ಕೆಲಸ ಮಾಡುತ್ತಿದ್ದ. ಈ ತಮಿಳು ಊರಿನ ಎಲ್ಲರ ಹಾಗೆ ನನ್ನನ್ನು ಮಾಮಿ ಅಂತಲೇ ಕರೆಯುತ್ತಿದ್ದ. ಏಕಾದಶಿ ದಿನ ನಮ್ಮಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅವತ್ತು ತಾನೂ ಉಪವಾಸ ಅನ್ನುತ್ತಿದ್ದ. ಮಧ್ಯಾಹ್ನ ಮೂಲೆಯ ಟೀ ಅಂಗಡಿಯಲ್ಲಿ ವಡೆ ತಿನ್ನುವಾಗ ನಮ್ಮವರ ಕೈಗೆ ಸಿಕ್ಕಿಬೀಳುತ್ತಿದ್ದ.

ಅವನ ಮೊದಲ ಸಿನಿಮಾ ರಾಯಪುರಂ ಬಂದರಿನಲ್ಲಿ ಮೂಟೆ ಹೊರುವ ಅಣ್ಣತಮ್ಮಂದಿರ ಕಥೆ. ಬಿಡುಗಡೆಯ ಹಿಂದಿನ ದಿನ ಗುರುವಾರ. ಮುಖ ಒಣಗಿಸಿಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತ. "ಮಾಮೀ, ಹೊಟ್ಟೆ ಹಸೀತೈತೆ. ಏನಾನ ಐತಾ?"

ಗುರುವಾರ ನಾನು ರಾಯರ ನೈವೇದ್ಯಕ್ಕೆ ಹಯಗ್ರೀವ ಮಾಡುತ್ತೇನೆ. ಕಡಲೆಬೇಳೆ, ಬೆಲ್ಲ, ಕೊಬ್ಬರಿ, ತುಪ್ಪ ಇಷ್ಟೇ. ಒಂದು ಬಟ್ಟಲು ಕೊಟ್ಟೆ. ನಿಂತಲ್ಲೇ ತಿಂದು, ಬಟ್ಟಲು ತೊಳೆದಿಟ್ಟು ಹೋದ. ಸಿನಿಮಾ ಓಡಿಯೇ ಓಡಿತು.

ಆಮೇಲೆ ಪ್ರತಿ ಬಿಡುಗಡೆಗೂ ಹಿಂದಿನ ದಿನ ಬಂದ. ಕೋಣೆ ಬಿಟ್ಟು ಸಮುದ್ರದ ಕಡೆ ಮನೆ ಕಟ್ಟಿಸಿದ ಮೇಲೂ ಬಂದ. ದೆವ್ವವೊಂದು ಕೊನೆಗೆ ಒಳ್ಳೆಯದಾಗುವ ಸಿನಿಮಾ ಮೊದಲನೆಯದಕ್ಕಿಂತ ಜಾಸ್ತಿ ಓಡಿತು. ಆಮೇಲೆ ರೈಲಿನದು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮವರು ಅದನ್ನು ನೋಡಿ, "ಅಲ್ಲವೋ, ಎಲೆಕ್ಟ್ರಿಕ್ ಟ್ರೈನು ಸೇತುವೆಯಿಂದ ಸೇತುವೆಗೆ ಹಾರತ್ತೇನೋ? ಮೇಲಿನ ವೈರ್ ಏನಾಯ್ತು?" ಅಂತ ಕೇಳಿದರು. "ವೈರ್ ಯಾರು ನೋಡ್ತಾರೆ ಮಾಮಾ, ಹೀರೋನ ನೋಡ್ತಾರೆ" ಅಂದ. ಅದಾದ ಮೇಲೆ ರಾಜರು, ಆನೆ, ಯುದ್ಧದ ದೊಡ್ಡ ಸಿನಿಮಾ. ಅದು ಕನ್ನಡದಲ್ಲೂ ಬಂತು. ಬಾಯಿ ಒಂದು ಕಡೆ, ಮಾತು ಒಂದು ಕಡೆ. ಟೀವಿಯಲ್ಲಿ ಕೋಟಿ ಕೋಟಿ ಅಂದರು. ನಮ್ಮ ಮನೆಯಲ್ಲಿ ಕೋಟಿ ಅಂದರೆ ರಾಮನಾಮ ಬರೆಯುವುದಕ್ಕೆ ಹೇಳುವ ಮಾತು. ಅಷ್ಟು ದುಡ್ಡು ಎಲ್ಲಿಡುತ್ತಾರೋ ನನಗೆ ತಿಳಿಯಲಿಲ್ಲ.

ಆ ಸಿನಿಮಾದ ಸಂಭ್ರಮದಲ್ಲಿ ಒಂದು ದಿನ ಟೀವಿಯವರು ಅವನನ್ನು ಮಾತಾಡಿಸುತ್ತಿದ್ದರು. ನಗುತ್ತಾ ತಮಿಳಿನಲ್ಲಿ ಹೇಳಿದ, ತಾಂಬರಂನಲ್ಲಿ ನನಗೊಬ್ಬರು ಮಾಮಿ ಇದ್ದಾರೆ, ಅವರು ನನಗೆ ಸೆಂಟಿಮೆಂಟ್ ಅಂತ.

ನನಗೆ ಕಣ್ಣು ತುಂಬಿ ಬಂತು. ಸೆಂಟಿಮೆಂಟ್ ಅಂದರೆ ಮಮತೆ, ಮನಸ್ಸಿನ ಅಂಟು ಅಂತಲೇ ನಾನು ತಿಳಿದಿದ್ದೆ. ಭಜನೆಗೆ ಬರುವವರಿಗೆಲ್ಲ ಹೇಳಿಕೊಂಡು ಬಂದೆ. ಪೆರುಂಗುಡಿಯ ಆಫೀಸಿನಿಂದ ಮಗಳು ಬಂದಾಗ ಅವಳಿಗೂ ಹೇಳಿದೆ. ಅವಳು ಬ್ಯಾಗು ಕೂಡ ಇಳಿಸದೆ ನಗಲು ಶುರುಮಾಡಿದಳು.

"ಅಯ್ಯೋ ಅಮ್ಮಾ! ಸಿನಿಮಾದವ್ರ ಬಾಯಲ್ಲಿ ಸೆಂಟಿಮೆಂಟ್ ಅಂದ್ರೆ ಅದಲ್ಲಮ್ಮಾ. ಲಕ್ಕಿ ಅಂತ. ಒಬ್ರಿಗೆ ಲಕ್ಕಿ ಶರ್ಟು, ಒಬ್ರಿಗೆ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು. ಇವ್ರಿಗೆ ನೀನು."

"ನಾನು ನಿಂಬೆಹಣ್ಣೇನೇ?"

"ನಿಂಬೆಹಣ್ಣಿಗಿಂತ ದೊಡ್ಡದು ಬಿಡು. ಪೂಸಣಿಕ್ಕಾಯಿ ಅಂತ ಇಟ್ಕೋ." ದೃಷ್ಟಿ ತೆಗೆದು ಬೀದಿಯಲ್ಲಿ ಒಡೆಯುವ ಬೂದುಗುಂಬಳಕ್ಕೆ ಇಲ್ಲಿ ಹಾಗನ್ನುತ್ತಾರೆ.

ನಮ್ಮವರು ಪೇಪರಿನ ಹಿಂದೆ ನಗುತ್ತಿದ್ದರು. ನನಗೆ ಅವತ್ತಿನಿಂದ ತಲೆಗೆ ಹುಳ ಹೊಕ್ಕಿತು. ಅವನು ಬರುತ್ತಿದ್ದದ್ದು ನನ್ನನ್ನು ನೋಡಲಿಕ್ಕೋ, ಬಟ್ಟಲಿಗೋ? ಕೇಳುವುದು ಹೇಗೆ? ಕೇಳಿದರೆ ಹೌದು ಮಾಮಿ, ಬಟ್ಟಲಿಗೇ ಅಂದುಬಿಟ್ಟರೆ?

ಹಾಗಿರುವಾಗ ಕಳೆದ ವರ್ಷದ ಸಿನಿಮಾ ಬಂತು. ಎಲ್ಲಕ್ಕಿಂತ ದೊಡ್ಡದು ಅಂದರು. ಹಿಂದಿನ ದಿನ ಗುರುವಾರ ಕಾರಿನಲ್ಲಿ ಬಂದ, ಜೊತೆಗೆ ಅವನ ಮ್ಯಾನೇಜರ್. ಪಂಚಾಂಗ ನೋಡುವ ಅಭ್ಯಾಸ ಅವರಲ್ಲಿ ಯಾರಿಗೂ ಇರಲಿಲ್ಲವೇನೋ. ಅವತ್ತು ಏಕಾದಶಿ.

"ಇವತ್ತು ನೈವೇದ್ಯ ಇಲ್ಲವಪ್ಪ. ಒಲೆಯೇ ಹಚ್ಚಿಲ್ಲ. ಒಂದುದ್ಧರಣೆ ತೀರ್ಥ ತಗೋ."

ಮ್ಯಾನೇಜರ್ ಕೈಮುಗಿದ. "ಮಾಮಿ, ಒಂದೇ ಒಂದು ಸ್ಪೂನ್. ದೇವರಿಗೆ ಬೇಡ, ಸುಮ್ಮನೆ ಮಾಡಿಕೊಡಿ."

"ದೇವರಿಗಿಲ್ಲದ ಹಯಗ್ರೀವ ಬೇಳೆ ಬೆಲ್ಲ ಆಗತ್ತೆ, ಅಷ್ಟೇ. ಅದಕ್ಕೆ ಇಷ್ಟು ದೂರ ಯಾಕೆ ಬರಬೇಕು? ನಾಳೆ ದ್ವಾದಶಿ, ಬೆಳಗಾಗೋಕೆ ಮುಂಚೇನೇ ಅಡುಗೆ ಆಗಿರತ್ತೆ. ಬಂದು ಎಲೆ ಮೇಲೇ ಊಟ ಮಾಡ್ಲಿ."

"ನಾಳೆ ಬೆಳಗ್ಗೆ ಫ್ಯಾನ್ಸ್ ಶೋ, ಸಾರ್ ಥಿಯೇಟರಲ್ಲಿ ಇರಲೇಬೇಕು."

ಹುಡುಗ ತೀರ್ಥ ತೆಗೆದುಕೊಂಡು ಕೈ ತಲೆಗೆ ಒರೆಸಿಕೊಂಡ. ಹೊರಟಾಗ ಚಪ್ಪಲಿ ಸಿಕ್ಕಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಮರುದಿನ ಹಯಗ್ರೀವ ಮಾಡಿ ಅವನ ಪಾಲು ತೆಗೆದಿಟ್ಟೆ. ಬರಲಿಲ್ಲ. ಸಂಜೆ ನಮ್ಮವರು ಸಕ್ಕರೆ ಕಾಯಿಲೆ ಮರೆತು ಅದನ್ನು ತಿಂದರು.

ಸಿನಿಮಾ ಬಿದ್ದುಹೋಯಿತು. ವಾರ ತುಂಬುವ ಮೊದಲೇ ಸ್ಟೇಷನ್ನಿನ ಪೋಸ್ಟರಿನ ಮೇಲೆ ಬೇರೆ ಪೋಸ್ಟರು ಬಂತು. ಮ್ಯಾನೇಜರ್ ಫೋನ್ ಮಾಡಿದ. "ತಪ್ಪು ತಿಳ್ಕೋಬೇಡಿ ಮಾಮಿ, ಅವತ್ತು ಒಂದು ಸ್ಪೂನ್ ಕೊಟ್ಟಿದ್ರೆ ಆಗ್ತಿತ್ತಲ್ಲಾ."

ನಾನು ಏಕಾದಶಿ ಮುರಿಯುವವಳಲ್ಲ, ಇವತ್ತೂ ಮುರಿಯುವುದಿಲ್ಲ. ಆದರೂ ಆ ಮಾತು ಒಳಗೆ ಕೂತುಬಿಟ್ಟಿತು. ರಾಯರು ಸಿನಿಮಾ ಟಿಕೆಟ್ ಮಾರಲಿಕ್ಕೆ ಕೂತಿಲ್ಲ ಅಂತ ನಾನೇ ನಮ್ಮವರಿಗೆ ಹೇಳಿದೆ. "ಹಾಗಾದ್ರೆ ಓಡಿದಾಗ ರಾಯರ ಅನುಗ್ರಹ ಅಂತಿದ್ದೆಯಲ್ಲೇ?" ಅಂದರು. ಓಡಿದ್ದು ಅನುಗ್ರಹವಾದರೆ ಬಿದ್ದದ್ದು ಏನು? ಬಿದ್ದದ್ದಕ್ಕೆ ನಾನು ಕಾರಣ ಅಲ್ಲದಿದ್ದರೆ, ಓಡಿದ್ದಕ್ಕೆ ಮಾತ್ರ ಹಿಗ್ಗಿದೆನಲ್ಲ, ಅದು ಯಾವ ನ್ಯಾಯ? ದೀಪದ ಬತ್ತಿ ಹೊಸೆಯುತ್ತಾ ಇದನ್ನೇ ಯೋಚಿಸುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಒಂದೇ: ಇನ್ನು ಅವನು ಬರುವುದಿಲ್ಲ. ಫಲಿಸದ ನಿಂಬೆಹಣ್ಣನ್ನು ಯಾರು ಇಟ್ಟುಕೊಳ್ಳುತ್ತಾರೆ?

ಗುರುವಾರ ಹಯಗ್ರೀವ ಮಾಡುವುದನ್ನು ಬಿಡಲಿಲ್ಲ. ತುಪ್ಪ ಚೆನ್ನಾಗಿ ಸಿಗುತ್ತಿದೆ, ನೀರು ಸರಿಯಾಗಿ ಬರುತ್ತಿದೆ, ಮಗಳ ಮೈಗ್ರೇನ್ ಕಡಿಮೆಯಾಗಿದೆ. ಕೊಟ್ಟದ್ದನ್ನು ನೆನೆಯಬೇಕು.

ಹೋದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ ಗೇಟು ಸದ್ದಾಯಿತು. ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್. ಕಾರಿಲ್ಲ, ಮ್ಯಾನೇಜರಿಲ್ಲ. ಎಲೆಕ್ಟ್ರಿಕ್ ಟ್ರೈನಿನಲ್ಲಿ ಬಂದೆ, ಯಾರೂ ಗುರುತು ಹಿಡಿಯಲಿಲ್ಲ ಅಂದ. ಅದನ್ನು ಸಂತೋಷದಿಂದ ಹೇಳಿದನೋ ದುಃಖದಿಂದಲೋ ತಿಳಿಯಲಿಲ್ಲ. ಅಡುಗೆಮನೆ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತ.

"ಮಾಮೀ, ಏನಾನ ಐತಾ?"

"ಹುಳಿ ಮುಗೀತು. ಮೊಸರನ್ನ, ನಿಂಬೆ ಉಪ್ಪಿನಕಾಯಿ ಇದೆ. ಹಯಗ್ರೀವ ಇಲ್ಲ, ಇವತ್ತು ಗುರುವಾರ ಅಲ್ಲ." ಯಾಕೆ ಅಷ್ಟು ಗಡುಸಾಗಿ ಹೇಳಿದೆನೋ.

"ನಾ ಕೇಳಿದ್ನಾ ಹಯಗ್ರೀವ?" ಅಂದ.

ಎರಡು ಸಲ ಬಡಿಸಿಕೊಂಡ. ಹೊಸ ಸಿನಿಮಾ ಪೂಜೆ ಏನಾದರೂ ಇದೆಯೇನೋ ಅಂತ ಕೇಳಿದೆ. ಸಿನಿಮಾ ಶುರುಮಾಡುವುದನ್ನು ಇಲ್ಲಿ ಪೂಜೆ ಅಂತಲೇ ಅನ್ನುತ್ತಾರೆ. "ಪೂಜೇನೂ ಇಲ್ಲ, ದುಡ್ಡು ಹಾಕೋನೂ ಇಲ್ಲ. ಮನೇಲಿ ಕೂತು ಬರೀತಿದೀನಿ" ಅಂದ. ನನ್ನ ಎದೆ ಹಗುರಾಯಿತು. ಹಾಗಾದರೆ ಬಟ್ಟಲಿಗಲ್ಲ ಅಂದುಕೊಂಡೆ. ನಮ್ಮವರು ಒಳಗಿನಿಂದ, "ಈ ಸಲ ಟ್ರೈನಿಗೆ ವೈರ್ ಇಡೋ!" ಅಂದರು. ಅವನು ತುಂಬಾ ಹೊತ್ತು ನಕ್ಕ.

ಕೈ ತೊಳೆದು, ತಟ್ಟೆ ತೊಳೆದಿಟ್ಟ. ಗೇಟಿನವರೆಗೆ ಹೋದವನು ತಿರುಗಿ ಬಂದ.

"ಮಾಮಿ, ಇನ್ಮೇಲೆ ಏಕಾದಶಿ ಯಾವ್ ಯಾವ್ ದಿನ ಬರ್ತೈತೆ?"

ದೇವರ ಮನೆಯಿಂದ ಪಂಚಾಂಗ ತಂದು, ಕನ್ನಡಕ ಹಾಕಿಕೊಂಡು ಒಂದೊಂದಾಗಿ ಓದಿದೆ. ಅವನು ಒಂದನ್ನೂ ಬಿಡದೆ ಫೋನಿನಲ್ಲಿ ಗುರುತು ಹಾಕಿಕೊಂಡ. ಉಪವಾಸ ಮಾಡಲಿಕ್ಕೋ, ಸಿನಿಮಾ ಬಿಡುಗಡೆಗೆ ಆ ದಿನಗಳನ್ನು ತಪ್ಪಿಸಲಿಕ್ಕೋ, ನಾನು ಕೇಳಲಿಲ್ಲ. ಮೊಸರು ಅವತ್ತು ಹುಳಿಯಾಗಿರಲಿಲ್ಲ, ಅದೇ ರಾಯರ ದಯೆ.