ಹಿಮ್ಮಡಿ ಗೀರಿದ ಹಳ್ಳ

ಕೆಸರಿನಲ್ಲಿ ನೆನೆದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ನನ್ನದು ಅಜ್ಜಿಯನ್ನು ಎದುರಿಗೆ ತಂದು ಕೂರಿಸುತ್ತದೆ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡಕ್ಕಿತ್ತು ನಮ್ಮ ಮನೆ. ಪಕ್ಕದಲ್ಲೇ ಮಣ್ಣುಗೋಡೆಯ ರೇಷ್ಮೆ ಹುಳು ಮನೆ. ಅಪ್ಪ ಮೊದಲ ಮೊಬೈಲು ಕೊಂಡ ವರ್ಷ, ನಾನು ಐದನೇ ಕ್ಲಾಸು. ಮಳೆ ನಿಂತೊಡನೆ ಅಜ್ಜಿ ನನ್ನನ್ನು ಗುಡ್ಡಕ್ಕೆ ಕರೆದೊಯ್ಯುತ್ತಿದ್ದಳು. ಬೆರಳಗಲದ ಗೀರುಗಳು ಸೇರಿ ಕೊರಕಲು, ಕೊರಕಲುಗಳು ಸೇರಿ ಹಳ್ಳ. "ಪಿನಾಕಿನಿ ಹುಟ್ಟೋದೂ ಹಿಂಗೇ ಕಣೇ ಅಮ್ಮಣ್ಣಿ," ಅನ್ನುತ್ತಿದ್ದಳು. ಹುಳು ಮನೆಯ ನೆತ್ತಿಗೆ ಎರಡು ಕೊರಕಲಿದ್ದವು. ದೊಡ್ಡದು ಪಡುವಲಕ್ಕೆ ತಿರುಗಿ ಹಳ್ಳ ಸೇರುತ್ತಿತ್ತು. ಚಿಕ್ಕದು ನೇರ ನಮ್ಮ ಹಿತ್ತಲಿಗಿಳಿದು ಅಲ್ಲೇ ಇಂಗುತ್ತಿತ್ತು. ನಡುವೆ ಗೇಣಗಲದ ದಿಬ್ಬ. ಪ್ರತಿ ಬೇಸಿಗೆ ಅಜ್ಜಿ ಅದಕ್ಕೆ ಕಲ್ಲು ಜೋಡಿಸಿ ಮಣ್ಣು ಮೆತ್ತುತ್ತಿದ್ದಳು. "ಇದನ್ನ ಮಾತ್ರ ಮುಟ್ಬೇಡ. ನೀರಿಗೆ ಒಂದ್ಸಲ ದಾರಿ ಕೊಟ್ರೆ ಆಮೇಲೆ ನಮ್ಮ ಮಾತು ಕೇಳಲ್ಲ."

ಮುಟ್ಟಬೇಡ ಅಂದದ್ದನ್ನು ಮುಟ್ಟದೆ ಬಿಟ್ಟವಳೇ ನಾನು? ಎರಡೂ ಸೇರುವುದನ್ನು ನೋಡುವ ಚಪಲಕ್ಕೆ ನಾಲ್ಕು ಕಲ್ಲು ಕಿತ್ತು ಪಕ್ಕಕ್ಕಿಟ್ಟು, ದೊಡ್ಡದರಿಂದ ಚಿಕ್ಕದಕ್ಕೆ ಹಿಮ್ಮಡಿಯಲ್ಲಿ ಒಂದು ಗೀರು ಎಳೆದು, ಚೊಂಬಿನ ನೀರು ಹುಯ್ದೆ. ಚಂದಕ್ಕೆ ಹರಿಯಿತು. ಮುಚ್ಚುವುದನ್ನು ಮರೆತು ಬಂದೆ.

ಮೂರನೇ ದಿನ ಮಧ್ಯಾಹ್ನ ಮಳೆ ಹಿಡಿಯಿತು. ಹುಳು ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರು ತಟ್ಟೆಗಳಲ್ಲಿ ಗೂಡು ಕಟ್ಟುತ್ತಿದ್ದವು. ಇನ್ನೆರಡು ದಿನ ಕಳೆದರೆ ಶಿಡ್ಲಘಟ್ಟದ ಮಾರುಕಟ್ಟೆಗೆ. "ದೊಡ್ಡ ಕೊರಕಲು ಈ ಕಡೆ ತಿರುಗ್ಬಿಟ್ಟಿದೆ!" ಎಂದು ಕೂಗುತ್ತ ಅಪ್ಪ ಗುದ್ದಲಿ ಹಿಡಿದು ಓಡಿದ. ಹುಳು ಮನೆಯ ಹಿಂದಿನ ಗೋಡೆ ಆಗಲೇ ಒದ್ದೆಯಾಗಿ ಉಬ್ಬಿತ್ತು. ಅಜ್ಜಿ ಒಳಗಿಂದ ಒಂದೊಂದೇ ಚಂದ್ರಿಕೆ ಕೊಡುತ್ತಿದ್ದಳು, ಅಮ್ಮನೂ ನಾನೂ ಜಗಲಿಗೆ ಸಾಗಿಸುತ್ತಿದ್ದೆವು. "ಸಾಕು ಬಾರಜ್ಜೀ!" ಅಂತ ಅಳುತ್ತ ಕೂಗಿದೆ. "ಇನ್ನೊಂದೇ ಒಂದು, ತಡಿಯೇ." ಅವಳು ಹೊಸ್ತಿಲು ದಾಟುವುದಕ್ಕೂ ಗೋಡೆ ಕುಸಿಯುವುದಕ್ಕೂ ಸರಿಹೋಯಿತು. ಅರ್ಧ ಬೆಳೆ, ತಿಂದುಳಿದ ಸೊಪ್ಪು, ಎಲ್ಲ ಕೆಸರು.

ಗುಡ್ಡದಿಂದಿಳಿದ ಅಪ್ಪನ ಕೈಯಲ್ಲಿ ನಾನು ಕಿತ್ತಿಟ್ಟ ಒಂದು ಕಲ್ಲು. "ಯಾರು ಕಿತ್ತಿದ್ದು?" ಅಜ್ಜಿ ನನ್ನ ಮುಖ ನೋಡಿದಳು. "ನಾನೇ ಕಣಪ್ಪ. ಹೊಸದಾಗಿ ಜೋಡ್ಸೋಣ ಅಂತ ತೆಗೆದೆ, ಮರ್ತೋಯ್ತು."

"ವಯಸ್ಸಾಯ್ತು, ಇನ್ಮೇಲೆ ಗುಡ್ಡದ ತಂಟೆಗೆ ಹೋಗ್ಬೇಡ," ಅಂದುಬಿಟ್ಟ ಅಪ್ಪ. ಆಯುಷ್ಯವೆಲ್ಲ ಆ ದಿಬ್ಬ ಕಾದವಳು ಮತ್ತೆ ಗುಡ್ಡ ಹತ್ತಲಿಲ್ಲ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಲೇ ಇದ್ದೆ. ಮಾರನೇ ವರ್ಷ ಅಜ್ಜಿ ತೀರಿಕೊಂಡಳು.

ಪ್ರತಿ ಮಳೆಗೂ ಕೊರೆದುಕೊಂಡು ಬಂದ ಆ ನೀರಿಗೆ ಹೆದರಿ ನಾವು ಊರೊಳಗೆ ಮನೆ ಮಾಡಿದೆವು. ಹಳೆಯ ಮನೆಯಿದ್ದ ಜಾಗದಲ್ಲಿ ಈಗ ಹಳ್ಳ ಹರಿದು ಪಿನಾಕಿನಿ ಸೇರುತ್ತದೆ. ಅಜ್ಜಿ ಮರೆತು ಬಿಟ್ಟ ನೀರೆಂದು ಊರವರು ಅದನ್ನು ಅವಳ ಹೆಸರಿನಲ್ಲೇ ಮುನಿಯಮ್ಮನ ಹಳ್ಳ ಅನ್ನುತ್ತಾರೆ. ಅಪ್ಪನೂ ಹಾಗೇ ಅನ್ನುತ್ತಾನೆ. ನಾನೂ ಹಾಗೇ ಅನ್ನುತ್ತೇನೆ.