ಹದಿನೆಂಟು ತುಂಬಿದವರ ಶಾಲೆ

ಮತ್ತಿಗಿರಿಗೆ ಹೋಗಿ ಚಂದ್ರಲೇಖಾ ಮನೆ ಎಲ್ಲಿ ಅಂತ ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ವ್ಯಾನ್ ಟೀಚರ್ ಮನೆ ಅಂದರೆ ಮಾತ್ರ ಟೀ ಅಂಗಡಿಯವನು ಗ್ಲಾಸು ಕೆಳಗಿಟ್ಟು ಬೀದಿಯವರೆಗೂ ಬಂದು ತೋರಿಸುತ್ತಾನೆ. ಬುದ್ಧಿಮಾಂದ್ಯರ ಹಗಲು ಕೇಂದ್ರದ ಆ ಹಳದಿ ವ್ಯಾನಿನಲ್ಲಿ ದಿನಾ ಬೆಳಿಗ್ಗೆ ಬಾಗಿಲ ಪಕ್ಕದ ಸೀಟಿನಲ್ಲಿ ಕೂತು, ಊರೂರಿನಲ್ಲಿ ಇಳಿದು, ಕಾಯುತ್ತಿರುವವರನ್ನು ಕೈಹಿಡಿದು ಹತ್ತಿಸಿಕೊಳ್ಳುವವಳು ಅವಳೇ.

ಅವಳು ಹುಟ್ಟಿದ್ದು ಜವಳಗಿರಿ ಕಾಡಂಚಿನ ಹಳ್ಳಿಯಲ್ಲಿ. ಅಪ್ಪ ರಾಮಕೃಷ್ಣಪ್ಪನಿಗೆ ರಾಗಿ ಹೊಲ. ತಂಗಿ ಭಾನು ಹುಟ್ಟಿದಾಗಿನಿಂದ ನಿಧಾನ. ಮಾತು ಬಂದಿದ್ದು ತಡವಾಗಿ, ಬಂದದ್ದೂ ನಾಲ್ಕಾರು ಪದ. ಒಂದು ಬೆಳಿಗ್ಗೆ ಹುಡುಗಿ ಯಾರಿಗೂ ಹೇಳದೆ ಆನೆ ದಾರಿಯ ಕಡೆ ನಡೆದುಬಿಟ್ಟಿದ್ದಳು. ದನ ಮೇಯಿಸುವವರು ಕಂಡು ಕರೆತಂದರು. ಅವತ್ತಿನಿಂದ ದೊಡ್ಡವರು ಹೊಲಕ್ಕೆ ಹೊರಟಾಗ ಹೊರಗಿನಿಂದ ಅಗುಳಿ ಹಾಕುವುದು ರೂಢಿಯಾಯಿತು. ಬೈಯಬೇಕೆಂದರೆ ಯಾರನ್ನು ಬೈಯುವುದು? ಹೊಲ ಬಿಟ್ಟರೆ ಊಟವಿಲ್ಲ, ಬಾಗಿಲು ತೆರೆದಿಟ್ಟರೆ ಮಗಳಿಲ್ಲ. ಚಂದ್ರಲೇಖಾ ಶಾಲೆಯಿಂದ ಓಡಿಬಂದು ಅಗುಳಿ ತೆಗೆದರೆ ಭಾನು ಬಾಗಿಲ ಹಿಂದೆಯೇ ಕೂತಿರುತ್ತಿದ್ದಳು.

ಹೊಸೂರಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಗೋಪಿನಾಥ ನೋಡಲು ಬಂದಾಗ ಅವಳು ಎಲ್ಲರೆದುರಿಗೇ ಕೇಳಿದಳು. ತಂಗಿಯನ್ನೂ ಕರೆದುಕೊಂಡು ಬರುತ್ತೇನೆ, ಒಪ್ಪಿಗೆಯೇ?

"ಬರ್ಲಿ ಬುಡು," ಅಂದ ಗೋಪಿನಾಥ. "ನಂಗೆ ನೈಟ್ ಶಿಫ್ಟ್ ಬಂದಾಗ ನಿಂಗೂ ಒಬ್ರು ಜೊತೆ ಇದ್ದಂಗೆ ಆಯ್ತದೆ."

ಹಾಗೆ ಅಕ್ಕ ತಂಗಿ ಇಬ್ಬರೂ ಮತ್ತಿಗಿರಿಗೆ ಬಂದರು. ಅಲ್ಲಿ ಶ್ಯಾಮಣ್ಣ ಅಂತ ಒಬ್ಬರಿದ್ದರು. ಕಾರ್ಖಾನೆಯ ಫೋರ್‌ಮನ್ ಕೆಲಸದಿಂದ ನಿವೃತ್ತರಾದವರು. ಮಗ ಭಾನುವಿನಂಥವನೇ. ಅವನು ತೀರಿಕೊಂಡ ಮೇಲೆ, ಮನೆ ಹಿಂದಿನ ಶೀಟಿನ ಶೆಡ್ಡಿನಲ್ಲಿ ಅಂಥ ಮಕ್ಕಳಿಗಾಗಿ ಒಂದು ಟ್ರಸ್ಟ್ ಶುರುಮಾಡಿದ್ದರು. ಚಂದ್ರಲೇಖಾ ತಂಗಿಯನ್ನು ಬಿಡಲು ಹೋದವಳು ಸಹಾಯಕ್ಕೆ ನಿಂತಳು, ಸಹಾಯಕ್ಕೆ ನಿಂತವಳು ತರಬೇತಿ ಪಡೆದು ಕೆಲಸಕ್ಕೆ ಸೇರಿದಳು, ಕೊನೆಗೆ ಕೇಂದ್ರವೇ ಅವಳ ಕೈಗೆ ಬಂತು. ಅಲ್ಲಿ ಕಲಿಸುವುದು ಅಂದರೆ ಅಂಗಿಯ ಗುಂಡಿ ಹಾಕಿಕೊಳ್ಳುವುದು, ತಟ್ಟೆ ತೊಳೆಯುವುದು, ರಸ್ತೆ ದಾಟುವಾಗ ನಿಲ್ಲುವುದು. ಕೈ ಸ್ವಲ್ಪ ಕುದುರಿದವರಿಗೆ ಕಾರ್ಖಾನೆಗಳಿಂದ ಬಂದ ವಾಷರುಗಳನ್ನು ಅಳತೆ ನೋಡಿ ಬೇರೆ ಮಾಡುವ ಕೆಲಸ. ಭಾನು ಅದರಲ್ಲಿ ಮುಳುಗಿಬಿಟ್ಟರೆ ಊಟಕ್ಕೆ ಎಬ್ಬಿಸುವುದೇ ಕಷ್ಟ.

ಸಂಬಳದ ಒಂದು ಭಾಗ, ವ್ಯಾನಿನ ಖರ್ಚು ಸರ್ಕಾರದ ಅನುದಾನದಿಂದ ಬರುತ್ತಿತ್ತು. ತಡವಾದರೂ ಬರುತ್ತಿತ್ತು. ನಾಲ್ಕು ವರ್ಷದ ಹಿಂದೆ ತಪಾಸಣೆಗೆ ಬಂದವರು ಹಾಜರಿ ನೋಡಿ ಒಂದು ಮಾತು ಹೇಳಿ ಹೋದರು: ಈ ಯೋಜನೆ ಮಕ್ಕಳಿಗೆ, ಹದಿನೆಂಟು ತುಂಬಿದವರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕೇಂದ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹದಿನೆಂಟು ದಾಟಿದವರು. ಭಾನುವಿಗಂತೂ ತಲೆಯಲ್ಲಿ ನರೆ ಬಂದಿತ್ತು.

ಚಂದ್ರಲೇಖಾ ಮತ್ತು ಶ್ಯಾಮಣ್ಣ ಕೃಷ್ಣಗಿರಿಯ ಜಿಲ್ಲಾ ಕಚೇರಿಗೆ ಹೋದರು. ಅಧಿಕಾರಿ ಕೆಟ್ಟವರೇನಲ್ಲ, ಕೂರಿಸಿ ಮಾತಾಡಿದರು. ದೊಡ್ಡವರಿಗೆ ಬೇರೆ ಯೋಜನೆ ಬರಬೇಕು, ಬಂದಿಲ್ಲ ಅಂದರು. ಅವಳು ತಮಿಳಿನಲ್ಲೇ ಕೇಳಿದಳು, "ಹದಿನೆಂಟು ತುಂಬಿದ ದಿನ ನನ್ನ ತಂಗಿ ತಾನೇ ತಲೆ ಬಾಚಿಕೊಂಡು ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾಳಾ ಸಾರ್?" ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ "ಪಾರ್ಕಲಾಂ" ಅಂದರು. ನೋಡೋಣ ಅನ್ನುವ ಆ ಮಾತನ್ನು ಮುಂದೆ ಅವಳು ಎಷ್ಟು ಮೇಜುಗಳ ಎದುರು ನಿಂತು ಕೇಳಿದಳೋ.

ಜೂಜುವಾಡಿಯಲ್ಲಿ ವಲಸೆ ಕೂಲಿಗಳ ಮಕ್ಕಳಿಗೆ ಶಾಲೆ ನಡೆಸುತ್ತಿದ್ದ ಲಕ್ಷ್ಮೀಪತಿಗೂ ಅದೇ ಗೋಳು. ಅವನ ಅನುದಾನ ಬೇರೆ, ತಡೆದ ಕಾರಣ ಬೇರೆ, ಅಷ್ಟೇ. ಅವನೇ ಜಿಲ್ಲೆಯ ಇಂಥ ಸಂಸ್ಥೆಗಳನ್ನೆಲ್ಲ ಹುಡುಕಿ ಹುಡುಕಿ ಸೇರಿಸಿದ. ವೃದ್ಧಾಶ್ರಮದವರು, ಕಿವುಡ ಮಕ್ಕಳ ಶಾಲೆಯವರು, ಬೀದಿಪಾಲಾದ ಹೆಂಗಸರಿಗೆ ಜಾಗ ಕೊಟ್ಟವರು, ಎಲ್ಲ ಬಂದು ಮತ್ತಿಗಿರಿ ಕೇಂದ್ರದ ಶೆಡ್ಡಿನಲ್ಲಿ ಕೂತರು.

"ಇಷ್ಟು ದಿವ್ಸ ಒಬ್ಬೊಬ್ರೇ ಹೋಗಿ ಬೇಡ್ಕೊಂಡು ಬಂದಿದ್ದೀವಿ," ಅಂದ ಲಕ್ಷ್ಮೀಪತಿ. "ಸರ್ಕಾರ ಮಾಡ್ಬೇಕಾದ ಕೆಲ್ಸ ನಾವು ಮಾಡ್ತಾ ಇದ್ರೂ ಕಳ್ಳರಂಗೆ ನಿಂತ್ಕೊಂತೀವಿ ಅಲ್ಲಿ. ಒಂದೇ ಮನವಿ ಬರೆಯಾನ. ಎಲ್ರೂ ಸೈನ್ ಹಾಕಿ ಚೆನ್ನೈಗೆ ಕಳ್ಸಾನ."

ಮನವಿ ಸಿದ್ಧವಾಗುವ ಹೊತ್ತಿಗೆ ಕೃಷ್ಣಗಿರಿಯಿಂದ ಫೋನು ಬಂತು. ಬೇರೆ ಯಾವುದೋ ನಿಧಿಯಿಂದ ಮತ್ತಿಗಿರಿ ಕೇಂದ್ರಕ್ಕೆ ಮಾತ್ರ ಈ ವರ್ಷ ಸರಿದೂಗಿಸಬಹುದು, ದೊಡ್ಡವರನ್ನೂ ಇಟ್ಟುಕೊಳ್ಳಬಹುದು. ಆದರೆ ಜಂಟಿ ಮನವಿಯಲ್ಲಿ ನಿಮ್ಮ ಹೆಸರು ಇರಬಾರದು.

ಶ್ಯಾಮಣ್ಣನ ಮುಖ ಅರಳಿತು. ಚಂದ್ರಲೇಖಾಳ ಮುಖ ಗಂಟಾಯಿತು. ಪೋಷಕರ ಸಭೆ ಕರೆದರು.

"ಈ ವರ್ಷ ಕೊಡ್ತಾರೆ. ಮುಂದಿನ ವರ್ಷ ಇಲ್ಲ ಅಂದ್ರೆ ಯಾರ್ನ ಕೇಳಾದು?" ಅಂದಳು ಚಂದ್ರಲೇಖಾ. "ಇದು ಅವರ ದಯೆ, ನಮ್ ಹಕ್ಕಲ್ಲ. ಬೇರೆ ಕಡೆ ಕೇಂದ್ರ ಮುಚ್ಚಿ ಇಂಥ ಮಕ್ಳು ಮನೆ ಸೇರಿದ್ರೂ ನಾವು ಬಾಯ್ಮುಚ್ಕೊಂಡು ಕೂರ್ಬೇಕಾ?"

ಹಿಂದೆ ಕೂತಿದ್ದ ಅಂಜಿನಮ್ಮ ಎದ್ದಳು. ಜವಳಗಿರಿ ಕಡೆಯವಳು, ಗುಲಾಬಿ ಫಾರಂನಲ್ಲಿ ಹೂ ಕೊಯ್ಯುವ ಕೆಲಸ. ಗಂಡ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಮಗಳು ಸುಧಾಗೆ ಇಪ್ಪತ್ತೆರಡು. ಬಟ್ಟೆ ಒದ್ದೆಯಾದರೂ ತಿಳಿಯದಿದ್ದ ಹುಡುಗಿ ಕೇಂದ್ರಕ್ಕೆ ಸೇರಿದ ಮೇಲೆ ತಾನೇ ಬಚ್ಚಲಿಗೆ ಹೋಗಲು ಕಲಿತಿದ್ದಳು, ವ್ಯಾನಿನ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಹತ್ತುತ್ತಿದ್ದಳು.

"ನೀನು ಹೋರಾಟ ಮಾಡ್ತೀಯಮ್ಮ, ಒಳ್ಳೇದೆ," ಅಂದಳು ಅಂಜಿನಮ್ಮ. "ನನ್ ಮಗ್ಳು ಅಲ್ಲೀಗಂಟ ಏನ್ ಮಾಡ್ಬೇಕು? ನಿನ್ ತಂಗಿ ನಿನ್ ಮನೇಲೇ ಅವ್ಳೆ. ನಮ್ದು ಕಾಡು."

ಕೈ ಎತ್ತಿಸಿ ನೋಡಿದಾಗ ಮನವಿಯ ಕಡೆಗೇ ಹೆಚ್ಚು ಕೈಗಳಿದ್ದವು, ಸ್ವಲ್ಪವೇ ಹೆಚ್ಚು. ಶ್ಯಾಮಣ್ಣ ಒಂದೂ ಮಾತಾಡದೆ ಸಹಿ ಹಾಕಿದರು.

ದೊಡ್ಡವರ ಪಾಲಿನ ಅನುದಾನ ನಿಂತಿತು. ಕೇಂದ್ರ ಮುಚ್ಚಲಿಲ್ಲ, ದಾನಿಗಳು ಕೈಹಿಡಿದರು, ಇಬ್ಬರು ಟೀಚರುಗಳು ಕೆಲಸ ಬಿಟ್ಟರು. ಆದರೆ ವ್ಯಾನಿಗೆ ದೂರದ ಊರುಗಳನ್ನು ಕೈಬಿಡಲೇಬೇಕಾಯಿತು. ಜವಳಗಿರಿ ದಾರಿಯೇ ಎಲ್ಲಕ್ಕಿಂತ ದೂರ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಚಂದ್ರಲೇಖಾ ಬಸ್ಸಿನಲ್ಲಿ ಅಂಜಿನಮ್ಮನ ಊರಿಗೆ ಹೋದಳು. ಬಾಗಿಲಿಗೆ ಹೊರಗಿನಿಂದ ಬೀಗ. ಕಿಟಕಿಯಲ್ಲಿ ನೋಡಿದರೆ ಸುಧಾ ನೆಲದ ಮೇಲೆ ಕೂತು ಹಿಂದೆ ಮುಂದೆ ತೂಗುತ್ತಿದ್ದಳು. ತಲೆ ಬಾಚಿರಲಿಲ್ಲ, ಲಂಗ ಒದ್ದೆಯಾಗಿತ್ತು. "ಸುಧಾ, ನಾನು ಕಣೆ, ವ್ಯಾನ್ ಟೀಚರ್," ಎಂದು ಕರೆದಳು. ಹುಡುಗಿ ತಿರುಗಲಿಲ್ಲ. ಜಗುಲಿಯ ಮೇಲೆ ಕೂತು ಸಂಜೆಯವರೆಗೂ ಕಾದಳು. ಅಂಜಿನಮ್ಮ ಬಂದವಳು ಬೀಗ ತೆಗೆದು, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅವಳು ಗೋಪಿನಾಥನಿಗೆ ಹೇಳಿದಳು, "ಕೊಟ್ಟಿದ್ದನ್ನ ಈಸ್ಕೊಂಡಿದ್ರೆ ಆ ಹುಡ್ಗಿ ಹಂಗಾಗ್ತಿರ್ಲಿಲ್ಲ."

"ಹೂಂ, ಆಗ್ತಿರ್ಲಿಲ್ಲ," ಅಂದ ಗೋಪಿನಾಥ. ಸಮಾಧಾನ ಮಾಡುವ ಚಾಳಿ ಅವನಿಗಿಲ್ಲ. "ಈಗ ಏನ್ ಮಾಡ್ತೀಯ ಅದನ್ನ ಹೇಳು."

ಅವಳು ಮಾಡಿದ್ದು ಇದು. ಸೋಮವಾರ ಕೃಷ್ಣಗಿರಿಯಲ್ಲಿ ಜನರ ಅಹವಾಲು ಕೇಳುವ ದಿನ. ಆವತ್ತು ಕೇಂದ್ರದ ದೊಡ್ಡವರನ್ನೆಲ್ಲ ಅಲ್ಲಿಗೇ ಕರೆದುಕೊಂಡು ಹೋದಳು. ಕಚೇರಿಯ ಆವರಣದ ಬೇವಿನ ಮರದ ಕೆಳಗೆ ಜಮಖಾನ ಹಾಸಿ, ವಾಷರಿನ ಡಬ್ಬಿಗಳನ್ನಿಟ್ಟು, ದಿನದ ತರಗತಿಯನ್ನು ಅಲ್ಲೇ ಶುರುಮಾಡಿದಳು. ಲಕ್ಷ್ಮೀಪತಿ ತನ್ನ ಶಾಲೆಯ ಅಡುಗೆಯವರಿಂದ ಅನ್ನ ಸಾರು ಹೊರಿಸಿಕೊಂಡು ಬಂದ.

ಕಾವಲಿನ ಪೊಲೀಸು ಓಡಿ ಬಂದ. ಇಲ್ಲಿ ಧರಣಿ ಮಾಡುವಂತಿಲ್ಲ ಅಂದ.

"ಧರಣಿ ಅಲ್ಲ ಸಾರ್, ಕ್ಲಾಸು," ಅಂದಳು ಚಂದ್ರಲೇಖಾ. "ನೀವೂ ಕೂತ್ಕೊಳಿ, ಊಟದ ಹೊತ್ತಾಯ್ತು."

ಭಾನು ತಲೆಯೆತ್ತಿ ಅವನ ಕೈಗೆ ಒಂದು ಹಿಡಿ ವಾಷರು ಕೊಟ್ಟಳು. ಅವನಿಗೆ ಏನು ಮಾಡಬೇಕೋ ಗೊತ್ತಾಗದೆ, ಹಿಡಿದುಕೊಂಡು ನಿಂತ. ಮುಂದಿನ ಸೋಮವಾರವೂ ಬಂದರು, ಅದರ ಮುಂದಿನದೂ. ಅರ್ಜಿ ಕೊಡಲು ಬಂದ ಹಳ್ಳಿಯವರು ಸುತ್ತ ನಿಂತು ನೋಡಿದರು. ಕೆಲವರು ಹತ್ತಿರ ಬಂದು ಮೆಲ್ಲಗೆ ಕೇಳಿದರು, ನಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದಾನೆ, ಸೇರಿಸಿಕೊಳ್ಳುತ್ತೀರಾ? ಹಾಗೆ ಕೇಳಿದವರೆಲ್ಲರಿಂದ ಒಂದೊಂದು ಅರ್ಜಿ ಬರೆಸಿದ ಲಕ್ಷ್ಮೀಪತಿ. ಅಲ್ಲಿಯವರೆಗೆ ಕಚೇರಿಯವರು ಹೇಳುತ್ತಿದ್ದ, ದೊಡ್ಡವರಿಗೆ ಇಂಥ ಕೇಂದ್ರದ ಬೇಡಿಕೆಯೇ ಇಲ್ಲ ಅನ್ನುವ ಮಾತು ಆಮೇಲೆ ಕೇಳಿಬರಲಿಲ್ಲ.

ಇಲಾಖೆಗೆ ಹೊಸದಾಗಿ ಬಂದ ಅಧಿಕಾರಿ ಕಲ್ಪನಾ ಒಂದು ಮಧ್ಯಾಹ್ನ ಮರದ ಕೆಳಗೆ ಬಂದು ಪೂರ್ತಿ ತರಗತಿ ನೋಡಿದರು. ಭರವಸೆ ಕೊಡಲಿಲ್ಲ. "ಕಡತ ನಾನು ಮೇಲಕ್ಕೆ ಕಳಿಸುತ್ತೇನೆ, ನೀವು ಬರುವುದನ್ನು ನಿಲ್ಲಿಸಬೇಡಿ," ಎಂದಷ್ಟೇ ತಮಿಳಿನಲ್ಲಿ ಹೇಳಿದರು. ಇವರು ನಿಲ್ಲಿಸಲಿಲ್ಲ. ಚೆನ್ನೈಗೂ ಹೋಗಿಬಂದರು. ಶ್ಯಾಮಣ್ಣನಿಗೆ ಮಂಡಿ ನೋವು, ಆದರೂ ರೈಲಿನಲ್ಲಿ ರಾತ್ರಿಯಿಡೀ ಕೂತು ಬಂದರು. ಸಹಿಯ ದಿನದ ಮೌನವನ್ನು ಅವರು ಬಿಟ್ಟಿದ್ದು ಆ ರೈಲಿನಲ್ಲೇ. "ನಿನ್ ಜಾಗ್ದಲ್ಲಿ ನಾನಿದ್ದಿದ್ರೆ ಅವತ್ತು ಕೊಡ್ತೀನಂದ ದುಡ್ಡು ಈಸ್ಕೊಂಡ್ಬುಡ್ತಿದ್ದೆ. ಈಗ್ಲೂ ಈಸ್ಕೊಂತೀನಿ," ಅಂದರು. ಆಮೇಲೆ ಪೊಟ್ಟಣ ಬಿಚ್ಚಿ ಅವಳಿಗೊಂದು ಚಪಾತಿ ಕೊಟ್ಟರು.

ಆದೇಶ ಬಂದಿದ್ದು ಕಳೆದ ವರ್ಷ. ಹದಿನೆಂಟು ದಾಟಿದವರ ಹಗಲು ಕೇಂದ್ರಗಳಿಗೂ ಅನುದಾನ, ಮತ್ತಿಗಿರಿಗೊಂದೇ ಅಲ್ಲ, ಜಿಲ್ಲೆಯ ಅಂಥ ಎಲ್ಲ ಕಡೆಗೂ. ಕೇಳಿದ್ದಕ್ಕಿಂತ ಕಡಿಮೆ. ಬಾಡಿಗೆ ಕಟ್ಟಡದಲ್ಲಿರುವ ಕೇಂದ್ರಗಳ ಬಾಡಿಗೆಯನ್ನು ಸೇರಿಸಿಯೇ ಇರಲಿಲ್ಲ. ಲಕ್ಷ್ಮೀಪತಿಯ ಶಾಲೆಯ ವಿಷಯ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಲೇ ಇದೆ. ಆದರೂ ಅವತ್ತು ಅವನೇ ಜೂಜುವಾಡಿಯಿಂದ ಲಡ್ಡು ಕಟ್ಟಿಸಿಕೊಂಡು ಬಂದ.

ವ್ಯಾನು ಮತ್ತೆ ಜವಳಗಿರಿ ದಾರಿ ಹಿಡಿಯಿತು. ಮೊದಲ ದಿನ ಸುಧಾ ವ್ಯಾನು ಕಂಡು ಕಿರುಚಿ ತಾಯಿಯ ಸೆರಗಿನೊಳಗೆ ಸೇರಿಕೊಂಡಳು. ಎರಡನೇ ದಿನವೂ ಅಷ್ಟೆ. ಚಂದ್ರಲೇಖಾ ಒತ್ತಾಯ ಮಾಡಲಿಲ್ಲ. ದಿನಾ ಇಳಿಯುವಳು, ಹುಡುಗಿಯಿಂದ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಸರು ಹಿಡಿದು ಮಾತಾಡಿಸುವಳು, ಹಾರನ್ ಆದಾಗ ಎದ್ದು ಹೋಗುವಳು. ಅಂಜಿನಮ್ಮ ಅವಳ ಕಡೆ ನೋಡುತ್ತಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ಅಂಜಿನಮ್ಮ ಫಾರಂಗೆ ರಜೆ ಹೇಳಿ, ತಾನೇ ಮೊದಲು ವ್ಯಾನು ಹತ್ತಿ ಕೂತಳು. ಮಗಳು ಬೀದಿಯಲ್ಲಿ ನಿಂತು ನೋಡಿದಳು, ಅತ್ತಳು, ಆಮೇಲೆ ಎರಡೂ ಕೈಯೂರಿ ತೆವಳಿಕೊಂಡು ಹತ್ತಿದಳು.

ಸುಧಾ ಕಳೆದುಕೊಂಡದ್ದರಲ್ಲಿ ಅರ್ಧ ಈಗ ವಾಪಸು ಬಂದಿದೆ. ಉಳಿದರ್ಧ ಬರುತ್ತದೋ ಇಲ್ಲವೋ ಹೇಳಲಾಗದು. ಆವತ್ತು ತೆಗೆದುಕೊಂಡ ತೀರ್ಮಾನ ಸರಿಯಾ ಅಂತ ಯಾರಾದರೂ ಕೇಳಿದರೆ ಚಂದ್ರಲೇಖಾ ಬೇಗ ಉತ್ತರಿಸುವುದಿಲ್ಲ. ಸರಿ ಅನ್ನುತ್ತಾಳೆ, ಆದರೆ ಆ ಮಾತನ್ನು ಅಂಜಿನಮ್ಮನೆದುರು ಎಂದೂ ಆಡಿಲ್ಲ.

ಬಾಡಿಗೆಯ ವಿಷಯಕ್ಕೆ ಕಳೆದ ತಿಂಗಳು ಮತ್ತೆ ಕೃಷ್ಣಗಿರಿಗೆ ಹೊರಟಾಗ, ಕರೆಯದಿದ್ದರೂ ಅಂಜಿನಮ್ಮ ಬಂದಿದ್ದಳು. ಚಂದ್ರಲೇಖಾ ಪಕ್ಕದ ಸೀಟು ಖಾಲಿಯಿತ್ತು. ಆದರೂ ಅಂಜಿನಮ್ಮ ಮಗಳ ಜೊತೆ ಹಿಂದಿನ ಸೀಟಿನಲ್ಲಿ ಕೂತಳು. ಬಸ್ಸು ಹೊರಟ ಮೇಲೆ ಹಿಂದಿನಿಂದ ಅವಳ ದನಿ ಕೇಳಿಸಿತು.

"ಇವತ್ತು ನಾನು ಮಾತಾಡ್ತೀನಿ. ನೀನು ಬಾಳ ಮರ್ಯಾದೆ ಕೊಟ್ಟು ಮಾತಾಡ್ತೀಯ ಅವ್ರಿಗೆ."

"ಆಯ್ತು, ನೀನೇ ಮಾತಾಡು," ಅಂದಳು ಚಂದ್ರಲೇಖಾ, ಟಿಕೆಟಿಗೆ ಕೈ ಚಾಚುತ್ತಾ.