ಡ್ರೈವರಪ್ಪ ಒಪೆರಾ ಕೇಳಿದ ಭಾನುವಾರ

ಇಸ್ತ್ರಿಯಮ್ಮನಿಗೆ ಒಪೆರಾದ ಹುಚ್ಚು ಹತ್ತಿದ್ದು ಒಂದು ಗೌನಿನಿಂದ. ಬೀದಿ ಕೊನೆಯ ರಂಗಮಂದಿರದಲ್ಲಿ ಇಸ್ತ್ರಿಪೆಟ್ಟಿಗೆ ಕೆಟ್ಟಾಗ ಅಲ್ಲಿನವರು ತಮ್ಮ ಹಾಡುನಾಟಕದ ರಾಣಿಯ ಗೌನು ಹೊತ್ತುಕೊಂಡು ಅವಳ ಅಂಗಡಿಗೆ ಓಡಿಬಂದಿದ್ದರು. ಕೆಲಸ ಮುಗಿದ ಖುಷಿಗೆ ಒಂದು ಟಿಕೆಟ್ಟನ್ನೂ ಕೊಟ್ಟರು. ತಾನು ಕೂರಿಸಿದ ನೆರಿಗೆ ನೆಟ್ಟಗಿದೆಯೇ ನೋಡಿ ಬರೋಣವೆಂದು ಹೋದವಳು, ರಾಣಿ ಹಾಡಲು ಬಾಯಿ ತೆರೆದದ್ದೇ ನೆರಿಗೆ ಗಿರಿಗೆ ಎಲ್ಲ ಮರೆತು ಗೊಳೋ ಎಂದು ಅತ್ತಳು.

"ಅದ್ಯಾವ್ದೋ ಭಾಷೆ, ಒಂದಕ್ಷರ ಅರ್ಥ ಆಗ್ಲಿಲ್ಲ ಕಣ್ರೀ, ಆದ್ರೆ ಎಲ್ಲಾ ತಿಳೀತು!" ಎಂದಳು ಮನೆಗೆ ಬಂದು, ಗಂಡನಿಗೆ.

ಅಲ್ಲಿಂದ ಶುರುವಾಯಿತು ನೋಡಿ. ಒಪೆರಾ ಬರಲಿ, ಬ್ಯಾಲೆ ಬರಲಿ, ಮೇಲಿನ ಗ್ಯಾಲರಿಯಲ್ಲಿ ಇಸ್ತ್ರಿಯಮ್ಮ ಹಾಜರು. ಬ್ಯಾಲೆಯ ಹುಡುಗಿ ಕಾಲ್ಬೆರಳ ತುದಿಯಲ್ಲಿ ನಿಂತರೆ ಇವಳು ಕುರ್ಚಿಯಲ್ಲಿ ಕೂತೇ ಹಿಮ್ಮಡಿ ಎತ್ತುತ್ತಿದ್ದಳು. ಪಕ್ಕದಲ್ಲಿ ಗಂಡ, ಬಸ್ ಡ್ರೈವರು. ಊರಿನ ಮೊದಲ ಬಸ್ಸು ಅವನದೇ, ಕೋಳಿಗಿಂತ ಮುಂಚೆ ಏಳುವ ಪ್ರಾಣಿ. ದೀಪ ಆರಿದ್ದೇ ತಡ, ಗೊರಕೆ. "ಬ್ಯಾಲೆನೇ ವಾಸಿ ಕಣೇ, ಯಾರೂ ಕಿರುಚಲ್ಲ" ಎಂದು ಸರ್ಟಿಫಿಕೇಟು ಬೇರೆ. ಒಮ್ಮೆ ಮುಂದಿನ ಸಾಲಿನ ಅಜ್ಜಿ ಹಿಂದೆ ತಿರುಗಿ, "ಕೆಳಗೆ ಗೊರ್ ಅನ್ನೋ ದೊಡ್ಡ ಪಿಟೀಲು ಇಲ್ಲೂ ಒಂದು ಇಟ್ಟಿದ್ದಾರಾ?" ಎಂದು ಕೇಳಿಬಿಟ್ಟರು. ನಾಚಿಕೆಯಿಂದ ಇಸ್ತ್ರಿಯಮ್ಮ ಹಿಡಿಯಷ್ಟಾದಳು.

ಅದನ್ನು ಹೇಳಿಕೊಂಡು ಆಮೇಲೆ ನಕ್ಕಳೇನೋ ನಿಜ, ಒಳಗೆ ಮಾತ್ರ ಕೊರಗು. ಇಷ್ಟು ಸಂತೋಷ ಎದೆಯಲ್ಲಿ ತುಂಬಿಕೊಂಡು ಮನೆಗೆ ಬಂದರೆ ಹಂಚಿಕೊಳ್ಳಲು ಒಂದು ಜನ ಇಲ್ಲವಲ್ಲ! ಆ ವರ್ಷ ದೋಣಿಗಾರನ ಹೆಂಡತಿಯೊಬ್ಬಳ ಕಥೆಯ ಒಪೆರಾ ಬಂತು. ಕೊನೆಯ ಅಂಕದಲ್ಲಿ ಅವಳು ದಡದ ಮೇಲೆ ಕಂದೀಲು ಹಿಡಿದು, ಬಾರದ ಗಂಡನಿಗಾಗಿ ಹಾಡುತ್ತಾಳೆ. ಮೊದಲ ವಾರವೇ ಒಬ್ಬಳೇ ಹೋಗಿ ಕೇಳಿಬಂದ ಇಸ್ತ್ರಿಯಮ್ಮ, ಇದೊಂದು ಹಾಡಾದರೂ ಗಂಡ ಕಣ್ಣುಬಿಟ್ಟು ಕೇಳಲೇಬೇಕೆಂದು ಹಟ ತೊಟ್ಟಳು. ಉಳಿದದ್ದು ಕೊನೆಯ ಪ್ರದರ್ಶನ, ಭಾನುವಾರ ಮಧ್ಯಾಹ್ನ.

ಅಂದು ಅವನಿಗೆ ರಜೆ ಹಾಕಿಸಿ, ತೊಟ್ಟಿಲ ಕೂಸಿನ ಹಾಗೆ ಮಲಗಿಸಿದಳು. ಕರೆಗಂಟೆಗೆ ಬಟ್ಟೆ ತುರುಕಿದಳು. ಮೊಳೆ ಹೊಡೆಯುತ್ತಿದ್ದ ಪಕ್ಕದ ಮನೆಯವನಿಗೆ ಕೈಮುಗಿದಳು. ತಾನು ಮಾತ್ರ ನಸುಕಿನಿಂದ ಅಂಗಡಿಯಲ್ಲಿ ನಿಂತು ಮದುವೆ ಮನೆಯ ರಾಶಿ ಬಟ್ಟೆಗೆ ಇಸ್ತ್ರಿ ಹಾಕಿ, ಅಡುಗೆ ಮುಗಿಸಿ, ಅವನ ಷರಟನ್ನೂ ಗರಿಗರಿ ಮಾಡಿದಳು.

"ಇವತ್ತು ನಿದ್ದೆ ಮಾಡಿದ್ರೆ ಚಿವುಟ್ತೀನಿ, ಹೇಳಿರ್ತೀನಿ!"

"ಆಯ್ತು ಮಾರಾಯ್ತಿ, ಬಸ್ ಓಡಿಸ್ತಿದ್ದೀನಿ ಅಂದ್ಕೊಂಡು ಕೂರ್ತೀನಿ."

ಮೊದಲ ಅಂಕದಲ್ಲಿ ಅವನು ಎಚ್ಚರವಿದ್ದ. ಎರಡನೆಯದರಲ್ಲೂ! ಇಸ್ತ್ರಿಯಮ್ಮನಿಗೆ ಸ್ವರ್ಗ ಮೂರೇ ಗೇಣು. ಇನ್ನು ಭಯವಿಲ್ಲವೆಂದು ಬೆನ್ನನ್ನು ಕುರ್ಚಿಗೆ ಆನಿಸಿದಳು.

ಚಪ್ಪಾಳೆಯ ಸದ್ದಿಗೆ ಕಣ್ಣು ಬಿಟ್ಟಳು. ಜನವೆಲ್ಲ ಎದ್ದು ನಿಂತಿತ್ತು, ಪರದೆ ಇಳಿದಿತ್ತು.

"ಹಾಡು?"

"ಆಯ್ತಲ್ಲ."

"ಅಯ್ಯೋ ನನ್ನ ಕರ್ಮವೇ! ಎಬ್ಬಿಸಬಾರದಾಗಿತ್ತೇನ್ರೀ?" ಅವಳಿಗೆ ಅಳುವೇ ಬಂತು.

"ಎಬ್ಬಿಸೋಣ ಅಂತ ಕೈ ಎತ್ತಿದೆ ಕಣೇ. ಅಷ್ಟರಲ್ಲಿ ಆಯಮ್ಮ ಕಂದೀಲು ಹಿಡ್ಕೊಂಡು ಶುರು ಮಾಡಿದ್ಳು." ಅವನು ಮೂಗು ಒರೆಸಿಕೊಂಡ. "ಕೈ ಇಳಿಸೋದೇ ಮರೆತುಹೋಯ್ತು. ಹಾಡು ಮುಗಿದ ಮೇಲೆ ನೋಡ್ತೀನಿ, ಇನ್ನೂ ಮೇಲೇ ಇದೆ."

ಇಸ್ತ್ರಿಯಮ್ಮ ಅವನ ಮುಖ ನೋಡಿದಳು. ಕೆನ್ನೆಯೆಲ್ಲ ಒದ್ದೆ. ಅವಳ ಸಿಟ್ಟು ಎಲ್ಲಿ ಹೋಯಿತೋ ಏನೋ, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಮನೆಯ ದಾರಿಯುದ್ದಕ್ಕೂ ಅವನದೇ ಮಾತು. ಆ ಹಾಡನ್ನು ತನ್ನ ಒಡಕು ಗಂಟಲಲ್ಲಿ ಹಾಡಿಯೂ ತೋರಿಸಿದ. ನಾಯಿಯೊಂದು ಓಡಿಹೋಯಿತು.

"ದೋಣಿ ಬರುತ್ತೆ ಅಂದ್ಕೊಂಡಿದ್ದಾಳೆ, ಪಾಪ. ನೀನು ನಿದ್ದೆ ಮಾಡಿಬಿಟ್ಟೆ, ನಿನಗೆಲ್ಲಿ ಗೊತ್ತಾಗ್ಬೇಕು!"

ಕಥೆಯೆಲ್ಲ ಬಾಯಿಪಾಠವಾಗಿದ್ದ ಇಸ್ತ್ರಿಯಮ್ಮ ಅವನ ತೋಳು ಹಿಡಿದುಕೊಂಡು ಕೇಳಿದಳು:

"ಹೌದಾ? ಆಮೇಲೇನಾಯ್ತು, ಹೇಳಿ?"